ಬದುಕಿ ಬಂದವರ ಮನೆಯಲ್ಲಿ ನಿದ್ದೆಗೆಟ್ಟವರು

ನಿಮ್ಮ ನೆಂಟರಲ್ಲೋ ಅಕ್ಕಪಕ್ಕದ ಮನೆಯಲ್ಲೋ ಯಾರಿಗಾದರೂ ಹೃದಯ ನಿಂತುಹೋಗಿ, ಮತ್ತೆ ಬಡಿಯಲಾರಂಭಿಸಿ, ಅವರು ಆಸ್ಪತ್ರೆಯಿಂದ ಮನೆಗೆ ಮರಳಿದ್ದರೆ ನೀವು ನೋಡಿಬರಲು ಹೋಗಿಯೇ ಇರುತ್ತೀರಿ. ಕೈಯಲ್ಲಿ ಸೇಬು, ಮೂಸಂಬಿಯ ಚೀಲ. ರೋಗಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹತ್ತು ನಿಮಿಷ ಮಾತು. ಕಾಫಿ ತಂದ ಅವರ ಹೆಂಡತಿಗೆ, ‘ನಿಮ್ಮ ತಾಳಿಭಾಗ್ಯ ಗಟ್ಟಿ ಕಣಮ್ಮಾ, ದೇವರು ದೊಡ್ಡವನು’ ಎಂದು ಒಂದು ಸಮಾಧಾನ. ಆಕೆ ನಗುತ್ತಾರೆ, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಈ ವಾರ ನಾನು ಬರೆಯಹೊರಟಿರುವುದು ಹಾಗೆ ಒಳಗೆ ಹೋದವರ ಬಗ್ಗೆ.

ಐವತ್ತರ ಆಸುಪಾಸಿನ ಒಬ್ಬ ಗೃಹಿಣಿ ನನ್ನಲ್ಲಿಗೆ ತಲೆನೋವು, ಎದೆ ಡವಗುಟ್ಟುವಿಕೆ, ಸುಸ್ತು ಎಂದು ಮೂರು ಬಾರಿ ಬಂದಿದ್ದರು. ರಕ್ತದೊತ್ತಡ ಸರಿಯಾಗಿತ್ತು. ಇಸಿಜಿ ಸರಿಯಾಗಿತ್ತು. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ಎಲ್ಲವೂ ಸರಿ. ಮೂರು ಬಾರಿಯೂ ನಾನು ಏನೋ ಮಾತ್ರೆ ಬರೆದು ಕಳುಹಿಸಿದ್ದೆ. ನಾಲ್ಕನೆಯ ಬಾರಿ, ಆ ದಿನ ರೋಗಿಗಳು ಕಡಿಮೆ ಇದ್ದುದರಿಂದಲೋ ಏನೋ, ‘ರಾತ್ರಿ ನಿದ್ದೆ ಹೇಗಮ್ಮಾ?’ ಎಂದು ಕೇಳಿದೆ.

‘ನಿದ್ದೆ ಎಲ್ಲಿ ಬರತ್ತೆ ಡಾಕ್ಟ್ರೇ? ನಮ್ಮ ಯಜಮಾನರ ಹೊಟ್ಟೆ ಮೇಲೆ ಕೆಳಗೆ ಆಗ್ತಾ ಇದೆಯೋ ಇಲ್ಲವೋ ಅಂತ ನೋಡ್ತಾ ಕೂತಿರ್ತೀನಿ. ಕತ್ತಲಲ್ಲಿ ಕಾಣಿಸದೇ ಇದ್ರೆ ಮೂಗಿನ ಹತ್ತಿರ ಕೈ ಇಡ್ತೀನಿ. ಅವರಿಗೆ ಎಚ್ಚರ ಆದ್ರೆ ಸಿಡುಕ್ತಾರೆ, ನಾನಿನ್ನೂ ಸತ್ತಿಲ್ಲ ಮಲಕ್ಕೋ ಅಂತಾರೆ.’

ಏಳು ತಿಂಗಳಿಂದ ಹೀಗೆ. ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರ ಪತಿ ಹಜಾರದಲ್ಲಿ ಪೇಪರ್ ಓದುತ್ತಾ ಇದ್ದವರು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದರು. ಈಕೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದರು. ಓಡಿಬಂದು ನೋಡಿದರೆ ಗಂಟಲಲ್ಲಿ ಗೊರಕೆಯಂಥ ಸದ್ದು, ಮುಖ ಕಪ್ಪಿಟ್ಟಿದೆ. ಇವರ ಕೂಗು ಕೇಳಿ ಮಹಡಿಯ ಬಾಡಿಗೆ ಮನೆಯ ಹುಡುಗ, ಇಂಜಿನಿಯರಿಂಗ್ ವಿದ್ಯಾರ್ಥಿ, ಇಳಿದುಬಂದು ಎದೆಯ ಮೇಲೆ ಎರಡೂ ಕೈಯಿಟ್ಟು ಒತ್ತತೊಡಗಿದ. ಕಾಲೇಜಿನಲ್ಲಿ ಒಮ್ಮೆ ಕಲಿಸಿದ್ದರಂತೆ. ಆಂಬುಲೆನ್ಸ್ ಬಂತು, ವಿದ್ಯುತ್ ಆಘಾತ ಕೊಟ್ಟರು, ಹೃದಯ ಮತ್ತೆ ಬಡಿಯಿತು. ಐದು ದಿನ ಪ್ರಜ್ಞೆಯಿಲ್ಲ, ವೆಂಟಿಲೇಟರ್. ಹದಿನೆಂಟನೆಯ ದಿನ ನಡೆದುಕೊಂಡೇ ಮನೆಗೆ ಬಂದರು. ಊರಿಗೆಲ್ಲ ಅದು ಪವಾಡ. ಮನೆಯಲ್ಲಿ ಸತ್ಯನಾರಾಯಣ ಪೂಜೆಯೂ ಆಯಿತು.

‘ಅವರಿಗೆ ಆ ದಿನದ್ದು ಏನೂ ನೆನಪಿಲ್ಲ ಡಾಕ್ಟ್ರೇ, ಹಿಂದಿನ ವಾರದ್ದೂ ನೆನಪಿಲ್ಲ. ನನಗೆ ಎಲ್ಲಾ ನೆನಪಿದೆ’ ಎಂದರು ಆಕೆ.

ನಾನು ಮೊದಲ ಮೂರು ಭೇಟಿಗಳಲ್ಲಿ ಕೇಳದೇ ಬಿಟ್ಟದ್ದು ಇದನ್ನೇ.

ಆಘಾತ ಬೇರೆ, ಸ್ತಂಭನ ಬೇರೆ

ಮುಂದೆ ಹೋಗುವ ಮುನ್ನ ಒಂದು ಗೊಂದಲ ಬಗೆಹರಿಸಬೇಕು. ಹೃದಯಾಘಾತ ಮತ್ತು ಹೃದಯ ಸ್ತಂಭನ ಎರಡನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಆ ಭಾಗ ಹಾನಿಗೊಳ್ಳುವುದು ಹೃದಯಾಘಾತ. ಆಗ ಎದೆ ನೋಯುತ್ತದೆ, ಬೆವರು ಬರುತ್ತದೆ, ಆದರೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಹೃದಯದ ವಿದ್ಯುತ್ ಲಯವೇ ಕೆಟ್ಟು ಅದು ರಕ್ತವನ್ನು ಪಂಪ್ ಮಾಡುವುದನ್ನೇ ನಿಲ್ಲಿಸಿಬಿಡುವುದು ಹೃದಯ ಸ್ತಂಭನ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ನಾಲ್ಕೈದು ನಿಮಿಷ ರಕ್ತ ಸಿಗದಿದ್ದರೆ ಮಿದುಳಿನ ಜೀವಕೋಶಗಳಿಗೆ ಹಾನಿ ಶುರುವಾಗುತ್ತದೆ. ಆಘಾತದಿಂದ ಸ್ತಂಭನ ಆಗಬಹುದು, ಆದರೆ ಬೇರೆ ಕಾರಣಗಳಿಂದಲೂ ಆಗುತ್ತದೆ. ಸ್ನಾಯು ದುರ್ಬಲವಾದ ಹೃದಯದಲ್ಲಿ, ಹುಟ್ಟಿನಿಂದಲೇ ಲಯದ ದೋಷವಿರುವ ಎಳೆಯರಲ್ಲಿ ಕೂಡ.

ಎದೆಯನ್ನು ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಮತ್ತು ಇಂಜಿನಿಯರುಗಳು ಪ್ರಕಟಿಸಿದ್ದು ೧೯೬೦ರಲ್ಲಿ. ಅಲ್ಲಿಯವರೆಗೆ ಆಸ್ಪತ್ರೆಯ ಹೊರಗೆ ಹೃದಯ ನಿಂತವರು ಬದುಕಿ ಬರುವುದು ಇರಲೇ ಇಲ್ಲವೆನ್ನಬಹುದು. ಈಗಲೂ ಅಮೆರಿಕದಂಥ ದೇಶದಲ್ಲೇ ಆಸ್ಪತ್ರೆಯ ಹೊರಗೆ ಹೀಗಾದ ಹತ್ತು ಮಂದಿಯಲ್ಲಿ ಸುಮಾರು ಒಬ್ಬರು ಮಾತ್ರ ಮನೆಗೆ ಮರಳುತ್ತಾರೆ. ಆದರೆ ಹೀಗೆ ಮರಳುವವರು ನಮ್ಮ ನಡುವೆಯೂ ಇದ್ದಾರೆ. ಪುನೀತ್ ರಾಜ್‌ಕುಮಾರ್ ೨೦೨೧ರ ಅಕ್ಟೋಬರ್ ೨೯ರಂದು ತಮ್ಮ ೪೬ನೆಯ ವಯಸ್ಸಿನಲ್ಲಿ ತೀರಿಕೊಂಡ ನಂತರ ಅವರ ಹೆಸರಿನಲ್ಲೇ ನಮ್ಮ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ೨೦೨೫ರಲ್ಲಿ ಹಾಸನದಿಂದ ಸರಣಿ ಸಾವುಗಳ ಸುದ್ದಿ ಬಂದಾಗ ಜನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ಎದೆ ಒತ್ತುವುದನ್ನು ಕಲಿಯಬೇಕೆಂಬ ತಿಳಿವಳಿಕೆ ಹೆಚ್ಚಿದಂತೆ ಬದುಕಿ ಬರುವವರೂ ಹೆಚ್ಚುತ್ತಾರೆ. ಅವರ ಜತೆ ಬದುಕುವವರ ಗತಿ ಏನೆಂದು ಯೋಚಿಸಲು ಮಾತ್ರ ನಾವಿನ್ನೂ ತೊಡಗಿಲ್ಲ.

ಕಂಡವರು ಮತ್ತು ಕಾಣದವರು

ಆ ಗೃಹಿಣಿ ಹೇಳಿದ ಮಾತಿನಲ್ಲಿ ಈ ಸಮಸ್ಯೆಯ ತಿರುಳಿದೆ. ಹೃದಯ ನಿಂತವರಿಗೆ ಆ ಗಳಿಗೆಯ ನೆನಪು ಸಾಮಾನ್ಯವಾಗಿ ಇರುವುದಿಲ್ಲ. ಕೆಲವರಿಗೆ ಅದರ ಹಿಂದುಮುಂದಿನ ಕೆಲವು ದಿನಗಳೂ ಅಳಿಸಿಹೋಗಿರುತ್ತವೆ. ಸತ್ತದ್ದು ಅವರು, ಸಾವನ್ನು ಕಂಡದ್ದು ಮನೆಯವರು. ಪತಿಯ ಕಪ್ಪಿಟ್ಟ ಮುಖ, ಅಂಗಿ ಕತ್ತರಿಸಿದ ಕತ್ತರಿ, ಪಕ್ಕೆಲುಬು ಲಟ್ಟೆಂದ ಸದ್ದು, ಆಸ್ಪತ್ರೆಯ ಮೊಗಸಾಲೆಯಲ್ಲಿ ಸಹಿ ಹಾಕಿಸಿಕೊಂಡ ಕಾಗದ, ಇವೆಲ್ಲ ಹೆಂಡತಿಯ, ಮಗಳ, ತಮ್ಮನ ತಲೆಯಲ್ಲಿ ಉಳಿಯುತ್ತವೆ. ರೋಗಿ ಆರಾಮವಾಗಿ ‘ನನಗೇನಾಗಿತ್ತು? ಸುಮ್ಮನೆ ಹೆದರುತ್ತೀರಿ’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸುಳ್ಳೂ ಅಲ್ಲ.

೨೦೨೧ರ ಜೂನ್ ೧೨ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಫುಟ್‌ಬಾಲ್ ಪಂದ್ಯದ ನಡುವೆ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಹೃದಯ ಸ್ತಂಭನದಿಂದ ಕುಸಿದುಬಿದ್ದರು. ಸಹ ಆಟಗಾರರು ಸುತ್ತ ಗೋಡೆ ಕಟ್ಟಿ ನಿಂತದ್ದನ್ನು ಟಿವಿಯಲ್ಲಿ ಲೋಕವೆಲ್ಲ ನೋಡಿತು. ಎಂಟು ತಿಂಗಳಲ್ಲಿ, ಎದೆಯೊಳಗೆ ಲಯ ಕಾಯುವ ಉಪಕರಣ ಇಟ್ಟುಕೊಂಡೇ ಅವರು ಇಂಗ್ಲೆಂಡಿನಲ್ಲಿ ಮತ್ತೆ ಮೈದಾನಕ್ಕಿಳಿದರು. ಎಲ್ಲರೂ ಮೆಚ್ಚಿದ ಕಥೆ. ನನಗೆ ಮಾತ್ರ ಆ ದಿನದ ಇನ್ನೊಂದು ದೃಶ್ಯ ಹೆಚ್ಚು ನೆನಪಿದೆ. ಗ್ಯಾಲರಿಯಿಂದ ಇಳಿದು ಮೈದಾನದ ಅಂಚಿಗೆ ಬಂದ ಅವರ ಸಂಗಾತಿ ಅಳುತ್ತಾ ನಿಂತಿದ್ದರು. ತಂಡದ ನಾಯಕ ಕ್ಯಾರ್ ಮತ್ತು ಗೋಲ್‌ಕೀಪರ್ ಷ್ಮೈಕೆಲ್ ಓಡಿಹೋಗಿ ಆಕೆಯನ್ನು ಹಿಡಿದುಕೊಂಡು ಸಂತೈಸಿದರು. ಬಿದ್ದವನನ್ನು ನೋಡಿಕೊಳ್ಳಲು ವೈದ್ಯರಿದ್ದಾರೆ, ಈಕೆಯನ್ನು ನೋಡಿಕೊಳ್ಳುವವರು ಯಾರು ಎಂದು ಆ ಗಡಿಬಿಡಿಯಲ್ಲೂ ಇಬ್ಬರು ಆಟಗಾರರಿಗೆ ಹೊಳೆದಿತ್ತು. ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಇದು ಹೊಳೆಯುತ್ತದೆ?

ಕಂಡವರನ್ನು ಕಾಡುವ ಇನ್ನೊಂದು ಸಂಗತಿ ತಪ್ಪಿತಸ್ಥ ಭಾವನೆ. ಎದೆ ಒತ್ತಿದ ಮಗನಿಗೆ ‘ನಾನೇ ಅಪ್ಪನ ಪಕ್ಕೆಲುಬು ಮುರಿದೆ’ ಎಂಬ ಕೊರಗು. ಏನು ಮಾಡಬೇಕೆಂದು ತೋಚದೆ ಕಲ್ಲಾಗಿ ನಿಂತ ಮಗಳಿಗೆ ‘ನಾನು ಆ ಎರಡು ನಿಮಿಷ ಹಾಳುಮಾಡಿದೆ’ ಎಂಬ ಕೊರಗು. ನನ್ನ ಬಳಿ ಬಂದ ಗೃಹಿಣಿಯನ್ನು ಕಾಡುತ್ತಿದ್ದುದು ಇನ್ನೂ ವಿಚಿತ್ರವಾದದ್ದು. ಪತಿ ಬಿದ್ದ ಸದ್ದು ಕೇಳಿದಾಗ ಅವರು ಮೊದಲು ಒಲೆ ಆರಿಸಿ ಆಮೇಲೆ ಓಡಿದ್ದರಂತೆ. ‘ಹಾಲು ಉಕ್ಕೀತು ಅಂತ ನೋಡಿದೆನಲ್ಲ ಡಾಕ್ಟ್ರೇ’ ಎಂದು ಅತ್ತರು. ಏಳು ತಿಂಗಳು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಒಲೆ ಆರಿಸುವ ಆ ಎರಡು ಸೆಕೆಂಡುಗಳಿಂದ ಏನೂ ಆಗಲಿಲ್ಲವೆಂದು, ಪಕ್ಕೆಲುಬು ಮುರಿಯುವುದು ಸರಿಯಾಗಿ ಒತ್ತಿದಾಗಲೂ ಸಾಮಾನ್ಯವೆಂದು ಯಾರಾದರೂ ಒಬ್ಬರು ಬಿಳಿಕೋಟಿನವರು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು.

ಇಲ್ಲಿ ಒಂದು ಅಧ್ಯಯನದ ಮಾತು. ಎದೆ ಒತ್ತುವ ಚಿಕಿತ್ಸೆ ನಡೆಯುವಾಗ ಬಂಧುಗಳನ್ನು ಹೊರಗೆ ಕಳುಹಿಸುವುದು ನಮ್ಮಲ್ಲಿ ರೂಢಿ. ಅವರು ನೋಡಿ ಹೆದರುತ್ತಾರೆ ಎಂಬುದು ಕಾರಣ. ೨೦೧೩ರಲ್ಲಿ ಫ್ರಾನ್ಸ್‌ನಲ್ಲಿ ೫೭೦ ಬಂಧುಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಹತ್ತಿರ ಇರಲು ಇಷ್ಟವೇ ಎಂದು ಕ್ರಮಬದ್ಧವಾಗಿ ಕೇಳಿ ಅವಕಾಶ ಕೊಟ್ಟ ಗುಂಪಿನಲ್ಲಿ, ಮೂರು ತಿಂಗಳ ನಂತರ ಮಾನಸಿಕ ಆಘಾತದ ಲಕ್ಷಣಗಳು ಕಡಿಮೆ ಇದ್ದವು. ಚಿಕಿತ್ಸೆಗೆ ಅಡ್ಡಿಯೂ ಆಗಲಿಲ್ಲ. ಬಾಗಿಲಿನ ಹೊರಗೆ ನಿಂತು ಊಹಿಸಿಕೊಂಡದ್ದು ಕಣ್ಣಾರೆ ಕಂಡದ್ದಕ್ಕಿಂತ ಭಯಂಕರವಾಗಿರುತ್ತದೆ ಎಂದು ನಾನಿದನ್ನು ಅರ್ಥಮಾಡಿಕೊಂಡಿದ್ದೇನೆ. ಎಲ್ಲರಿಗೂ ಇದು ಹೊಂದಲಾರದು, ಆದರೆ ಕೇಳುವುದರಲ್ಲಿ ನಷ್ಟವಿಲ್ಲ.

ಬಂದವರು ಅದೇ ಮನುಷ್ಯರೇ?

ಬದುಕಿ ಬಂದವರಲ್ಲಿ ಅನೇಕರು ನಡೆಯುತ್ತಾರೆ, ಉಣ್ಣುತ್ತಾರೆ, ನೆಂಟರ ಗುರುತು ಹಿಡಿಯುತ್ತಾರೆ. ನೋಡಿದವರಿಗೆ ಏನೂ ಆಗಿಲ್ಲವೆನಿಸುತ್ತದೆ. ಆದರೆ ಮಿದುಳಿಗೆ ಸ್ವಲ್ಪ ಹೊತ್ತು ರಕ್ತ ಸಿಗದಿದ್ದುದರ ಗುರುತು ಮನೆಯೊಳಗೆ ಕಾಣುತ್ತದೆ. ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ಮರೆಯುವುದು, ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಗೊಂದಲ, ಎರಡು ಕೆಲಸ ಒಟ್ಟಿಗೆ ಮಾಡಲಾಗದಿರುವುದು, ಸ್ವಲ್ಪ ಗದ್ದಲಕ್ಕೇ ಸಿಟ್ಟು, ಎಷ್ಟು ಮಲಗಿದರೂ ತೀರದ ದಣಿವು. ಲೆಕ್ಕಪತ್ರದಲ್ಲಿ ಎತ್ತಿದ ಕೈ ಎನಿಸಿದ್ದವರು ಕರೆಂಟ್ ಬಿಲ್ ಮುಂದೆ ಕೂತು ಬೆವರುತ್ತಾರೆ. ಇದು ಸೋಮಾರಿತನವಲ್ಲ, ಹಟವೂ ಅಲ್ಲ. ಮೊದಲ ಕೆಲವು ತಿಂಗಳುಗಳಲ್ಲಿ ಬಹಳಷ್ಟು ಸುಧಾರಿಸುತ್ತದೆ, ಕೆಲವು ಉಳಿಯಲೂ ಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿರದಿದ್ದರೆ ಅವರು ರೋಗಿಯ ಮೇಲೆ ರೇಗುತ್ತಾರೆ, ರೇಗಿದ್ದಕ್ಕೆ ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಮನುಷ್ಯ ಕಣ್ಣೆದುರಿಗೇ ಇದ್ದಾರೆ, ಆದರೆ ಹಿಂದೆ ಇದ್ದ ಮನುಷ್ಯ ಇಲ್ಲ. ಇಂಥ ನಷ್ಟಕ್ಕೆ ತಿಥಿಯಿಲ್ಲ, ಸೂತಕವಿಲ್ಲ, ಅಳಲು ಒಪ್ಪಿಗೆಯಿಲ್ಲ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಇದಕ್ಕೆ ಒಂದು ಹೆಸರೇ ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ‘ಅಸ್ಪಷ್ಟ ನಷ್ಟ’ ಎನ್ನಬಹುದು. ಹಾಗೆ ಅಳಲಾಗದ ಹೆಂಡತಿಗೆ ನಾವು ಹೋಗಿ ‘ತಾಳಿಭಾಗ್ಯ ಗಟ್ಟಿ’ ಎನ್ನುತ್ತೇವೆ. ಆ ಮಾತು ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ. ಆದರೆ ಅದನ್ನು ಕೇಳಿದ ಮೇಲೆ ಆಕೆ ಇನ್ನು ಯಾವ ಬಾಯಲ್ಲಿ ತನ್ನ ಕಷ್ಟ ಹೇಳಬೇಕು? ಅದೃಷ್ಟವಂತೆ ಎನಿಸಿಕೊಂಡವಳಿಗೆ ದೂರುವ ಹಕ್ಕು ಉಳಿಯುವುದಿಲ್ಲ.

ಭಯ ಇನ್ನೊಂದು ರೂಪದಲ್ಲೂ ಬರುತ್ತದೆ. ಅತಿಯಾದ ಕಾಳಜಿಯ ರೂಪದಲ್ಲಿ. ಮೆಟ್ಟಿಲು ಹತ್ತಬೇಡಿ, ಒಬ್ಬರೇ ಅಂಗಡಿಗೆ ಹೋಗಬೇಡಿ, ಜೋರಾಗಿ ನಗಬೇಡಿ. ಬಚ್ಚಲುಮನೆಯ ಚಿಲಕ ಹಾಕಕೂಡದು. ಈ ಚಿಲಕದ ವಿಷಯದಲ್ಲಿ ಎಷ್ಟು ಮನೆಗಳಲ್ಲಿ ಜಗಳವಾಗಿದೆಯೋ! ಮೊದಲ ಕೆಲವು ವಾರ ಚಿಲಕ ಹಾಕದಿರುವುದು ಒಳ್ಳೆಯದೇ. ಆದರೆ ವೈದ್ಯರು ನಡೆದಾಡಿ ಎಂದ ಮೇಲೂ ಐವತ್ತಾರರ ಗಂಡಸನ್ನು ಎಳೆಮಗುವಿನಂತೆ ಕಾದರೆ ಅವರಿಗೆ ಅವಮಾನ, ಕಾಯುವವರಿಗೆ ಬಳಲಿಕೆ. ದಂಪತಿಗಳು ಬೇರೆ ಬೇರೆ ಮಲಗತೊಡಗುತ್ತಾರೆ. ದೇಹ ಸಂಪರ್ಕದಿಂದ ಹೃದಯ ಮತ್ತೆ ನಿಂತೀತೆಂಬ ಹೆದರಿಕೆ, ಕೇಳಲು ನಾಚಿಕೆ. ಇದನ್ನು ವೈದ್ಯರ ಹತ್ತಿರ ಕೇಳಬಹುದು, ಕೇಳಬೇಕು. ಸಾಧಾರಣ ವೇಗದಲ್ಲಿ ಎರಡು ಮಹಡಿ ಹತ್ತಿಯೂ ತೊಂದರೆಯಾಗದವರಿಗೆ ಹೃದ್ರೋಗ ತಜ್ಞರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.

ಎದೆಯೊಳಗೆ ಐಸಿಡಿ ಎಂಬ ಉಪಕರಣ ಇಟ್ಟಿರುವವರ ಮನೆಯಲ್ಲಿ ಇನ್ನೊಂದು ಆತಂಕ. ೧೯೮೦ರಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದ ಇದು ಲಯ ಕೆಟ್ಟೊಡನೆ ಒಳಗಿನಿಂದಲೇ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುತ್ತದೆ. ‘ಆಗ ನಾನು ಮುಟ್ಟಿದ್ದರೆ ನನಗೂ ಶಾಕ್ ಹೊಡೆಯುತ್ತದೆಯೇ? ಮೊಮ್ಮಗುವನ್ನು ಎತ್ತಿಕೊಂಡಿದ್ದರೆ?’ ಎಂದು ಕೇಳುತ್ತಾರೆ. ಮುಟ್ಟಿದವರಿಗೆ ಹೆಚ್ಚೆಂದರೆ ಸಣ್ಣಗೆ ಜುಮ್ಮೆನ್ನಬಹುದು, ಅಪಾಯವಿಲ್ಲ. ಒಂದು ವಾಕ್ಯದಲ್ಲಿ ಮುಗಿಯುವ ಈ ಉತ್ತರ ಸಿಗದೆ ಮೊಮ್ಮಗುವನ್ನು ತಿಂಗಳುಗಟ್ಟಲೆ ದೂರವಿಟ್ಟ ಅಜ್ಜಿಯೊಬ್ಬರನ್ನು ನಾನು ಬಲ್ಲೆ.

ನಮ್ಮಲ್ಲಿ ಕುಟುಂಬ ವ್ಯವಸ್ಥೆ ಗಟ್ಟಿಯಾಗಿದೆ, ಈ ಬಗೆಯ ಕಷ್ಟ ಪಾಶ್ಚಾತ್ಯರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಟುಂಬ ಎಂದು ನಾವು ಹೇಳುವಾಗ ನಿಜದಲ್ಲಿ ಕೆಲಸ ಮಾಡುತ್ತಿರುವುದು ಒಬ್ಬ ಹೆಂಗಸು. ಹೆಂಡತಿ, ಇಲ್ಲವೇ ಸೊಸೆ, ಇಲ್ಲವೇ ಮದುವೆಯಾಗದ ಮಗಳು. ಮಾತ್ರೆ, ಪಥ್ಯ, ಆಸ್ಪತ್ರೆಯ ಸರದಿ, ಬಂದ ನೆಂಟರ ಕಾಫಿ, ಅತ್ತೆಯ ಕಣ್ಣೀರು ಎಲ್ಲವೂ ಅವಳ ಪಾಲಿಗೆ. ಮಗ ಅಮೆರಿಕದಿಂದ ರಾತ್ರಿ ಫೋನ್ ಮಾಡಿ ‘ಅಮ್ಮಾ, ಅಪ್ಪನ ಬಿಪಿ ಎಷ್ಟಿದೆ?’ ಎನ್ನುತ್ತಾನೆ. ಅವನಿಗೂ ಅಲ್ಲಿ ನಿದ್ದೆಯಿಲ್ಲ; ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಅವನ ಎದೆಯೂ ಧಸಕ್ಕೆನ್ನುತ್ತದೆ. ಆದರೆ ‘ನೀನು ಊಟ ಮಾಡಿದೆಯಾ ಅಮ್ಮಾ? ನಿನ್ನ ಬಿಪಿ ಎಷ್ಟಿದೆ?’ ಎಂದು ಕೇಳುವುದು ಅವನಿಗೂ ಹೊಳೆಯುವುದಿಲ್ಲ.

ಆಸ್ಪತ್ರೆ ಏನು ಮಾಡಬೇಕು, ನೀವೇನು ಮಾಡಬಹುದು

ಈ ವಿಷಯದಲ್ಲಿ ನನ್ನ ದೂರು ಮೊದಲು ನನ್ನ ಕಸುಬಿನವರ ಮೇಲೆಯೇ. ಬಿಡುಗಡೆಯ ದಿನ ನಾವು ಕೊಡುವ ಹಾಳೆಯಲ್ಲಿ ಹನ್ನೆರಡು ಮಾತ್ರೆಗಳ ಹೆಸರಿರುತ್ತದೆ, ಉಪ್ಪು ಎಣ್ಣೆ ಕಡಿಮೆ ಎಂದಿರುತ್ತದೆ, ಮುಂದಿನ ಭೇಟಿಯ ತಾರೀಖಿರುತ್ತದೆ. ಮನೆಯವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ೨೦೨೦ರ ತನ್ನ ಮಾರ್ಗಸೂಚಿಯಲ್ಲಿ ಜೀವರಕ್ಷಣೆಯ ಸರಪಳಿಗೆ ಚೇತರಿಕೆ ಎಂಬ ಆರನೆಯ ಕೊಂಡಿ ಸೇರಿಸಿತು. ಬದುಕಿದವರನ್ನು ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರನ್ನೂ ಆತಂಕ, ಖಿನ್ನತೆ, ಆಘಾತೋತ್ತರ ಒತ್ತಡ ಮತ್ತು ಬಳಲಿಕೆಗಾಗಿ ಪರೀಕ್ಷಿಸಬೇಕೆಂದು ಹೇಳಿತು. ೨೦೨೧ರಲ್ಲಿ ಯೂರೋಪಿನ ಮಾರ್ಗಸೂಚಿ, ಬಿಡುಗಡೆಯಾದ ಮೂರು ತಿಂಗಳೊಳಗೆ ಇಂಥದೊಂದು ಭೇಟಿ ಆಗಲೇಬೇಕೆಂದು, ಮನೆಯವರಿಗೂ ಮಾಹಿತಿ ಮತ್ತು ಆಸರೆ ಕೊಡಬೇಕೆಂದು ಹೇಳಿತು. ಇದಕ್ಕೆ ದುಬಾರಿ ಯಂತ್ರ ಬೇಡ. ಬಿಡುಗಡೆಯ ದಿನ ಅರ್ಧ ಗಂಟೆ, ಮೂರು ತಿಂಗಳಿಗೆ ಇನ್ನೊಂದು ಅರ್ಧ ಗಂಟೆ, ಒಂದು ಕೋಣೆ, ಎರಡು ಕುರ್ಚಿ. ಹೆಂಡತಿಯನ್ನೋ ಮಗನನ್ನೋ ರೋಗಿಯಿಲ್ಲದಾಗ ಒಬ್ಬರನ್ನೇ ಕೂರಿಸಿ ಕೇಳಬೇಕು. ರೋಗಿಯ ಎದುರು ಅವರು ‘ಎಲ್ಲಾ ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಮನೋರೋಗ ಚಿಕಿತ್ಸೆಯನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯಬಹುದೆಂದು ೧೯೮೦ರ ದಶಕದಲ್ಲಿ ಬಳ್ಳಾರಿಯಲ್ಲಿ ಪ್ರಯೋಗ ಮಾಡಿ ದೇಶಕ್ಕೇ ಮಾದರಿ ತೋರಿಸಿದ್ದು ನಮ್ಮ ನಿಮ್ಹಾನ್ಸ್. ಆ ರಾಜ್ಯದಲ್ಲಿ ಹೃದ್ರೋಗ ವಿಭಾಗಕ್ಕೂ ಮನೋವೈದ್ಯ ವಿಭಾಗಕ್ಕೂ ಇಷ್ಟು ದೂರ ಇರಬೇಕಿಲ್ಲ.

ಆಸ್ಪತ್ರೆ ಬದಲಾಗುವವರೆಗೆ ನೀವು ಕಾಯಬೇಕಿಲ್ಲ. ಎಲ್ಲಕ್ಕಿಂತ ಮೊದಲು ರಾತ್ರಿ ಪಾಳಿ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದರೆ ವಾರಕ್ಕೆ ಎರಡು ಮೂರು ರಾತ್ರಿಯಾದರೂ ಹೆಂಡತಿ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ. ಎದೆ ಒತ್ತುವ ವಿಧಾನವನ್ನು ಮನೆಯವರೆಲ್ಲ ಕಲಿಯಿರಿ: ಎದೆಯ ನಡುವೆ, ಸುಮಾರು ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ೧೦೦ರಿಂದ ೧೨೦ ಬಾರಿ, ಒಬ್ಬರು ೧೦೮ಕ್ಕೆ ಫೋನ್ ಮಾಡುವಾಗ ಇನ್ನೊಬ್ಬರು ಒತ್ತತೊಡಗಬೇಕು. ಗೊಂಬೆಯ ಮೇಲೆ ಒಮ್ಮೆ ಒತ್ತಿ ನೋಡಿದವರ ಭಯ ಸ್ವಲ್ಪವಾದರೂ ಇಳಿಯುವುದನ್ನು ನಾನು ಕಂಡಿದ್ದೇನೆ. ಕೈಗೆ ಒಂದು ಕೆಲಸ ಗೊತ್ತಿದ್ದರೆ ಮನಸ್ಸು ಅಷ್ಟು ಅಸಹಾಯಕವಾಗುವುದಿಲ್ಲ. ಮಕ್ಕಳು ನೋಡಿದ್ದರೆ ಅವರ ಹತ್ತಿರ ಆ ಮಾತೆತ್ತಬೇಡಿ ಎನ್ನಬೇಡಿ. ಅವರಿಗೆ ಅರ್ಥವಾಗುವಷ್ಟು ಹೇಳಿ, ಅವರ ತಪ್ಪಿನಿಂದ ಆದದ್ದಲ್ಲ ಎಂಬುದನ್ನೂ ಹೇಳಿ. ನೋಡಲು ಹೋಗುವ ನೆಂಟರು ಸೇಬಿನ ಬದಲು ಒಂದು ಮಧ್ಯಾಹ್ನ ಒಯ್ಯಿರಿ: ‘ನಾನಿಲ್ಲಿ ಕೂತಿರುತ್ತೇನೆ, ನೀವು ಎರಡು ಗಂಟೆ ಹೊರಗೆ ಹೋಗಿಬನ್ನಿ’ ಎನ್ನಿ.

ಇದನ್ನೆಲ್ಲ ಮೀರಿದ ಸ್ಥಿತಿಯೂ ಉಂಟು. ಒಂದು ತಿಂಗಳು ಕಳೆದ ಮೇಲೂ ಆ ದೃಶ್ಯ ಬೇಡವೆಂದರೂ ಕಣ್ಮುಂದೆ ಬರುತ್ತಿದ್ದರೆ, ಬಿದ್ದ ಜಾಗದ ಮೇಲೆ ಹೆಜ್ಜೆಯಿಡಲಾಗದಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿಬೀಳುವಂತಾದರೆ, ಯಾವುದರಲ್ಲೂ ಆಸಕ್ತಿ ಉಳಿಯದೆ ಸಾವೇ ವಾಸಿ ಎನಿಸತೊಡಗಿದರೆ ಅದನ್ನು ಸಂಸಾರದಲ್ಲಿ ಇದ್ದದ್ದೇ ಎಂದು ತಳ್ಳಿಹಾಕಬೇಡಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ೨೦೨೨ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ೧೪೪೧೬ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ.

ಆ ಗೃಹಿಣಿಯನ್ನು ನಾನು ಮನೋವೈದ್ಯರಲ್ಲಿಗೆ ಕಳುಹಿಸಿದೆ. ಅದಕ್ಕೆ ಮೊದಲು ಒಂದು ಸಂಜೆ ಪತಿಯನ್ನೂ ಕರೆತರಲು ಹೇಳಿದೆ. ಅವರಿಗೆ ಸಿಟ್ಟು ಬಂದಿತ್ತು, ‘ರೋಗಿ ನಾನು, ಇವಳನ್ನು ಯಾಕೆ ನೋಡ್ತೀರಿ?’ ಎಂದರು. ‘ಆ ದಿನ ಏನಾಯಿತೆಂದು ನಿಮಗೆ ಗೊತ್ತೇ?’ ಎಂದೆ. ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಆಕೆ ಮೊದಲಿನಿಂದ ಕೊನೆಯವರೆಗೆ ಹೇಳಿದರು, ಹಾಲಿನ ವಿಷಯವನ್ನೂ ಬಿಡದೆ. ಅರ್ಧಕ್ಕೇ ಅವರು ಹೆಂಡತಿಯ ಕಡೆ ತಿರುಗಿ ಕೂತಿದ್ದರು. ಮುಗಿದ ಮೇಲೆ, ‘ಒಲೆ ಆರಿಸದೇ ಬಂದಿದ್ರೆ ಮನೆಗೇ ಬೆಂಕಿ ಬೀಳ್ತಿತ್ತಲ್ಲೇ’ ಎಂದರು.

ನಾಲ್ಕು ತಿಂಗಳಾಗಿದೆ. ಆಕೆ ಈಗ ಐದಾರು ಗಂಟೆ ಮಲಗುತ್ತಾರೆ, ಮಾತ್ರೆಯ ಪ್ರಮಾಣ ಇಳಿಸಿದ್ದಾರೆ. ಚಿಲಕದ ವಿಷಯದಲ್ಲಿ ಗಂಡ ಹೆಂಡತಿ ಒಂದು ರಾಜಿಗೆ ಬಂದಿದ್ದಾರೆ: ಅವರು ಚಿಲಕ ಹಾಕಬಹುದು, ಆದರೆ ಸ್ನಾನ ಮುಗಿಯುವವರೆಗೂ ಏನಾದರೂ ಹಾಡುತ್ತಿರಬೇಕು. ಹಾಡು ನಡುವೆ ನಿಂತರೆ ಆಕೆ ಈಗಲೂ ಮಿಕ್ಸಿ ಆಫ್ ಮಾಡಿ ಕಿವಿಗೊಡುತ್ತಾರಂತೆ.